ಪಡಸಾಲಿ ಟೊಮ್ಯಾಟೊ

ಇವತ್ತ ಮುಂಜಾನೆ ಹಾನಗಲ್ಲ ಸ್ಟ್ಯಾಂಡಿನ್ಯಾಗ ಹಂಸಭಾವಿ ಬಸ್ಸಿನ ಕಿಡಕಿಯೊಳಗ ಟಾವೆಲ್ಲು ಒಗದು ಸೀಟು ಹಿಡದೆ. ಅರವತ್ತೆರಡು ವರ್ಷದ ಮನಷ್ಯಾ ಹಿಂಗ ಮಾಡಬಾರದು, ಖರೆ. ಆದ್ರ ಮೊಣಕಾಲು ನೋಯೋ ಮಂದಿಗೆ ಮರ್ಯಾದಿ ಸ್ವಲ್ಪ ಕಡಿಮಿ ಇದ್ರೂ ನಡಿತೈತಿ. ಅಕ್ಕಿಆಲೂರಿನ್ಯಾಗ ಒಬ್ಬ ಹೆಣ್ಮಗಳು ಹತ್ತಿ ನನ್ನ ಬಾಜೂಕ ಕುಂತ್ಲು. ಮುಂದಿನ ಕಂಬಿ ಹಿಡಿಯಾಕ ಕೈ ಚಾಚಿದಾಗ ನೋಡಿದೆ, ಬೆರಳ ತುದಿ ಎಲ್ಲಾ ಕರಿಹಸರು. ಅದರ ಹಿಂದನ ವಾಸನಿ ಬಂತು. ಟೊಮ್ಯಾಟೊ ವಾಸನಿ. ಹಣ್ಣಿಂದಲ್ರೀ, ಎಲಿದು. ಎಷ್ಟು ಸಬಕಾರ ಹಚ್ಚಿ ತಿಕ್ಕಿದ್ರೂ ಕೈ ಬಿಡದ ಘಾಟು ಅದು. ತೊಡಿ ಮ್ಯಾಲಿನ ಬುತ್ತಿ ಗಂಟು ಗಟ್ಟಿ ಹಿಡಕೊಂಡೆ. ಯಾಕಂದ್ರ ನಾ ಹೊಂಟದ್ದು ನಮ್ಮಕ್ಕನ್ನ ನೋಡಾಕ. ಆಕಿನ್ನ ಕೆಲಸಕ್ಕ ಇಟ್ಕೊಂಡಾರೋ, ಮನಿಗೆ ಕಳಿಸ್ಯಾರೋ, ಇವತ್ತ ಗೊತ್ತಾಗಬೇಕು. ಹದಿನೈದು ದಿನಾ ಆತು, ಫೋನ್ ಎತ್ತವಲ್ಲಳು. ಹಂಸಭಾವಿ ಬರಾಕ ಇನ್ನೂ ಹೊತ್ತೈತಿ, ಅಲ್ಲೀತನಕಾ ಕಥಿ ಕೇಳ್ರಿ. ಆದ್ರ ಅಕ್ಕನ ಕಥಿ ಹೇಳಬೇಕಂದ್ರ ಮೊದಲ ನನ್ನ ಹುಚ್ಚಿನ ಕಥಿ ಹೇಳಬೇಕಾಗತೈತಿ.

ನಾನು ಹಾನಗಲ್ಲಿನ್ಯಾಗ ಒಂದು ಮೂರಂತಸ್ತಿನ ಕಟ್ಟಡದಾಗ ನಡುವಿನ ಅಂತಸ್ತಿನ್ಯಾಗ ಇರಾಂವ. ನಮ್ಮ ಕೆಳಗ ಮೌಲಾಲಿಯ ಫೋಟೊ ಸ್ಟುಡಿಯೊ ಮತ್ತ ಒಂದು ಟೇಲರ್ ಅಂಗಡಿ. ಮಣ್ಣು ಅನ್ನೋದು ನಮ್ಮ ಮನಿಗೆ ಚಪ್ಪಲಿಗೆ ಹತ್ತಿ ಬರಬೇಕು, ಅಷ್ಟ. ಸರಕಾರಿ ಕಚೇರ್ಯಾಗ ಫೈಲು ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟಿ ರಿಟೈರ್ ಆದೆ. ರಿಟೈರ್ ಆದ ಗಂಡಸಿನ ಕೈಯಾಗ ಮೊಬೈಲ್ ಕೊಡಬಾರದು ಅಂತ ನನ್ನ ಹೆಂಡತಿ ಸುವರ್ಣಾ ಎಲ್ಲಾರಿಗೂ ಉಪದೇಶ ಮಾಡ್ತಾಳ. ಆಕಿ ಅನುಭವದ ಮಾತದು. ಒಂದು ದಿನ ಮೊಬೈಲಿನ್ಯಾಗ ಒಂದು ವಿಡಿಯೊ ನೋಡಿದೆ. ಯಾವುದೋ ದೊಡ್ಡ ಶಹರದಾಗ ಮುಗಿಲು ಮುಟ್ಟೋ ಕಟ್ಟಡ. ಅದರೊಳಗ ಕಪಾಟಿನ ಮ್ಯಾಲ ಕಪಾಟು, ಕಪಾಟಿನ ತುಂಬ ಕಾಯಿಪಲ್ಯ. ಬಿಸಲಿಲ್ಲ, ಮಣ್ಣಿಲ್ಲ, ಬರೇ ಲೈಟು ಮತ್ತ ನೀರು. ಲಾರಿ ಹೊಗಿ ಕುಡಿಯದ, ನೂರಾರು ಮೈಲು ಅಡ್ಡಾಡದ, ಅಲ್ಲೇ ಬೆಳದು ಅಲ್ಲೇ ತಿನ್ನೂದು. ನಾಳಿನ ಊರಿಗೆ ಇದೊಂದ ದಾರಿ ಅಂತ ಕೋಟು ಹಾಕ್ಕೊಂಡಾಂವ ಹೇಳಿದ. ಕೋಟು ಹಾಕ್ಕೊಂಡಾವ್ರು ಹೇಳಿದ್ದನ್ನ ಮೂವತ್ತು ವರ್ಷ ಕೇಳಿ ರೂಢಿ ಆದ ಜೀವಾ ನನ್ನದು, ಎದ್ದು ನಿಂತೆ.

ಹಾನಗಲ್ಲು ಅಂಥಾ ಶಹರ ಏನಲ್ಲ, ನಾನೂ ಒಪ್ಪತೇನಿ. ನಮ್ಮ ಮಾಳಿಗಿ ಮ್ಯಾಲ ನಿಂತ್ರ ಭತ್ತದ ಗದ್ದಿ ಕಾಣತಾವು. ಕೆಳಗಿನ ಟೇಲರ್ ಟೇಪು ಕೊಳ್ಳಾಗ ಹಾಕ್ಕೊಂಡು ಹೊರಗ ಬಂದ. "ಅಲ್ರೀ ಸಾಹೇಬ್ರ, ಹೊಲ ಕಣ್ಣಮುಂದ ಬಿದ್ದೈತಿ, ಮನ್ಯಾಗ ಯಾಕ ಬೆಳೀತೀರಿ? ನಾಳೆ ಆನಿಕೆರಿ ಬಾಜೂಕ ನಿಂತು ಮನ್ಯಾಗ ಬಾವಿ ತೋಡ್ತೀರೇನು?" ಅಂದ. ನಾ ಬಿಡಲಿಲ್ಲ. "ನೋಡಪಾ, ಹೋದ ವರ್ಷ ಭತ್ತ ಇದ್ದಲ್ಲಿ ಈಗ ಸುಣ್ಣಾ ಬಡದ ಕಲ್ಲು ನೆಟ್ಟು ಪ್ಲಾಟು ಮಾಡ್ಯಾರ. ಹೊಲದಾಗ ಮನಿ ಬೆಳ್ಯಾಕತ್ತಾವು ಅಂದಮ್ಯಾಲ ಮನ್ಯಾಗ ಹೊಲಾ ಬೆಳದ್ರ ಏನು ತಪ್ಪು?" ಅಂದೆ. ಆಂವಾ ಅಂಗಡ್ಯೊಳಗ ಹ್ವಾದ. ನನ್ನ ಮಾತು ಒಪ್ಪಿ ಹ್ವಾದ ಅಂತ ನಾ ಭಾಳ ದಿನ ತಿಳಕೊಂಡಿದ್ದೆ. ಗಿರಾಕಿ ಬಂದಿದ್ರಂತ.

ಪಡಸಾಲ್ಯಾಗಿನ ಸೋಫಾ ಮಲಗೋ ಖೋಲಿಗೆ ಹೋತು. ಮುಚ್ಚಿದ ಒಂದು ಚಪ್ಪಲಿ ಅಂಗಡಿಯ ಕಪಾಟು ತಂದು ನಿಲ್ಲಿಸಿದೆ. ಮೌಲಾಲಿ ತನ್ನ ಹಳೇ ಮದವಿ ಲೈಟು ನಾಕು ಕೊಟ್ಟ. ತೆಂಗಿನ ನಾರಿನ ಪುಡಿ, ಡಬ್ಬಿ, ಪೈಪು ಎಲ್ಲಾ ಆತು. ಲೈಟು ಹಚ್ಚಿದ್ದ ತಡ, ಕಿಡಕಿ ಧಗಧಗ ಅಂತು. ದಾರ್ಯಾಗ ಹೋಗಾವ್ರು ನಿಂತು, "ಮನ್ಯಾಗ ಏನ್ರೀ ಕಾರ್ಯಾ? ನಮಗ ಹೇಳಲೇ ಇಲ್ಲ?" ಅಂತ ಬ್ಯಾಸರಾ ಮಾಡ್ಕೊಂಡ್ರು. ಮೂರನೇ ದಿನ ಪೈಪು ಬಿಚ್ಚಿ ನೀರು ಕೆಳಗ ಇಳದು, ಪಾಸ್‌ಪೋರ್ಟ್ ಫೋಟೊಕ್ಕ ಅಲಗಾಡದ ಕುಂತಿದ್ದ ಒಬ್ಬ ಮಾಸ್ತರರ ನೆತ್ತಿ ಮ್ಯಾಲ ಟಪಟಪ ಬಿತ್ತಂತ. ಮೌಲಾಲಿ ಅಲಗಾಡಬ್ಯಾಡ್ರಿ ಅಂದಿದ್ದಕ್ಕ ಪಾಪ ಅವರು ಅಲಗಾಡಲಿಲ್ಲ. ಆ ಫೋಟೊದಾಗ ಅವರು ಅಳಾಕತ್ತಂಗ ಕಾಣತಾರ.

ಮೊದಲನೇ ಬೆಳಿ ಮೆಂತ್ಯಾ. ಸುವರ್ಣಾ ಅದನ್ನ ಎರಡು ಬೆರಳಾಗ ಹಿಡದು ನೋಡಿ, ಪ್ಯಾಟಿಂದ ಇನ್ನೊಂದು ಸೂಡು ತರಿಸಿ ಪಲ್ಯಾ ಮಾಡಿದ್ಲು. ಊಟಕ್ಕ ಕುಂತಾಗ ನಾ, "ಹ್ಯಾಂಗೈತಿ ನಮ್ಮ ಮೆಂತ್ಯಾ?" ಅಂತ ಕೇಳಿದೆ. "ನಿಮ್ಮದು ಯಾವುದು, ಪ್ಯಾಟಿದು ಯಾವುದು, ಹುಡಕಿ ಹೇಳ್ತೇನಿ ತಡೀರಿ" ಅಂದ್ಲು.

ಆಮ್ಯಾಲ ಟೊಮ್ಯಾಟೊ ಹಚ್ಚಿದೆ, ಹದಿನಾಲ್ಕು ಗಿಡ. ಹೂ ಬಿಟ್ಟಾಗ ಊರಿಗೆಲ್ಲಾ ಡಂಗುರಾ ಸಾರಿದೆ. ಹೂ ಎಲ್ಲಾ ಉದುರಿಹೋದಾಗ ಬಾಯಿ ಮುಚ್ಚಿಕೊಂಡೆ. ಮನ್ಯೊಳಗ ಗಾಳಿಲ್ಲ, ಹುಳಾ ಇಲ್ಲ, ಹೂವಿನ ಪುಡಿ ಅಲಗಾಡಂಗಿಲ್ಲ, ಅಲಗಾಡದ ಕಾಯಿ ಕಚ್ಚಂಗಿಲ್ಲ. ಮತ್ತ ಮೊಬೈಲ್ ಕೇಳಿದೆ. ಹೂವಿಗೆ ನಡುಕಾ ಹುಟ್ಟಿಸು ಅಂತು. ಸರಿ, ಆ ಮೊಬೈಲನ್ನ ವೈಬ್ರೇಶನ್ನಿಗೆ ಇಟ್ಟು ಹೂವಿನ ಗೊಂಚಲಕ್ಕ ಹಚ್ಚಿ ಹಿಡದೆ. ಅಡಗಿಮನ್ಯಾಗಿಂದ ಸುವರ್ಣಾ ನನಗ ಫೋನ್ ಮಾಡಬೇಕು. ಗುರ್ರ್ ಅಂತಿತ್ತು, ಹೂ ನಡುಗಿ ಹಳದಿ ಪುಡಿ ಉದುರಿಸ್ತಿತ್ತು. "ಇನ್ನೊಂದು ಸಲ ಮಾಡು!" ಅಂತ ಒದರ್ತಿದ್ದೆ. "ಎತ್ತಬ್ಯಾಡ್ರಿ ಮತ್ತ!" ಅಂತ ಆಕಿ ಅಲ್ಲಿಂದ ಒದರ್ತಿದ್ಲು. ಮೂವತ್ತೈದು ವರ್ಷದ ಸಂಸಾರದಾಗ ನಾವು ಇಷ್ಟು ಸಲ ಫೋನ್ ಮಾಡಿದ್ದಿಲ್ಲ. ಒಂದು ಸಲ ನಡುವ ಆಕಿ ತವರುಮನಿಯಿಂದ ಖರೇನ ಫೋನ್ ಬಂದು, ನಾನು ಅದನ್ನೂ ಹೂವಿಗೆ ಹಿಡದೆ. ಅವರು ಇನ್ನೂ ಸಿಟ್ಟು ಬಿಟ್ಟಿಲ್ಲ. ಆದ್ರ ಕಾಯಿ ಕಚ್ಚಿದವು ನೋಡ್ರಿ! ಎಣಿಸಿದೆ, ನಲವತ್ತೊಂದು.

ಆದ್ರ ಸುವರ್ಣಾನ ತಾಳ್ಮಿಗೂ ಒಂದು ಹದ್ದು ಇರತೈತೆಲ್ಲ. ಒಂದಿನ ಸೆರಗು ಸೊಂಟಕ್ಕ ಸಿಗಿಸಿ ನಿಂತ್ಲು. "ಏನ್ರೀ, ಪಂಚಮಿಗೆ ಪಡಸಾಲ್ಯಾಗ ಜೋಕಾಲಿ ಕಟ್ಟಬೇಕು, ಉಂಡಿ ತಿನ್ನಾಕ ಮಂದಿ ಬರ್ತಾರ. ಅಷ್ಟರಾಗ ಈ ಗಿಡದ ಹಣ್ಣಿನಿಂದ ಒಂದು ಬೋಗಾಣಿ ಸಾರು ಆತು, ಇರ್ಲಿ. ಇಲ್ಲಾಂದ್ರ ಈ ಚಪ್ಪಲಿ ಕಪಾಟು ಪಡಸಾಲ್ಯಾಗ ಇರಂಗಿಲ್ಲ" ಅಂದ್ಲು. ನಾ ಒಪ್ಪಿದೆ. ನಲವತ್ತೊಂದು ಕಾಯಿ ಇದ್ದಾಂವಗ ಅಂಜಿಕಿ ಎಲ್ಲಿಂದು?

ಹಿಂಗಿದ್ದಾಗ ನಮ್ಮಕ್ಕ ಫಕ್ಕೀರವ್ವ ಬಂದ್ಲು, ಕಣ್ಣಿನ ಪೊರಿ ತಗಿಸ್ಕೊಳ್ಳಾಕ.

ಅಕ್ಕ ನನಗಿಂತ ಐದು ವರ್ಷ ದೊಡ್ಡಾಕಿ. ಹಂಸಭಾವಿ ಹತ್ರದ ಹಳ್ಳ್ಯಾಗ ಮಗಾ ಸೊಸಿ ಮೊಮ್ಮಕ್ಕಳ ಕೂಡ ಇರ್ತಾಳ. ಆಕಿ ಕೆಲಸ ಕ್ರಾಸಿಂಗ್. ಗೊತ್ತಿಲ್ಲದಾವ್ರಿಗೆ ಹೇಳ್ತೇನಿ. ಹಿರೇಕೆರೂರು ಸೀಮ್ಯಾಗ ಕಂಪನಿಗಳಿಗೆ ಹೈಬ್ರಿಡ್ ಬೀಜಾ ಮಾಡಿ ಕೊಡ್ತಾರ. ಸುತ್ತ ಪರದೆ ಕಟ್ಟಿದ ಪ್ಲಾಟಿನ್ಯಾಗ ಟೊಮ್ಯಾಟೊ ಹಚ್ಚಿರ್ತಾರ. ಸಂಜಿಮುಂದ ಹೆಣ್ಮಕ್ಕಳು ಅರಳದ ಮೊಗ್ಗು ಚಿಮಟಾದಿಂದ ಬಿಚ್ಚಿ, ಒಳಗಿನ ಗಂಡು ಭಾಗ ತಗದು ಒಗೀಬೇಕು. ಮರುದಿನ ಮುಂಜಾನೆ ಬ್ಯಾರೆ ತಳಿ ಹೂವಿನ ಪುಡಿ ತಂದು ಅದಕ್ಕ ಮುಟ್ಟಿಸಬೇಕು. ಮುಟ್ಟಿಸಿದ್ದಕ್ಕ ಗುರ್ತು ಅಂತ ಹೂವಿನ ಬುಡದ ಹಸರು ಎಸಳು ಎರಡು ಕತ್ತರಿಸಬೇಕು. ಗುರ್ತಿಲ್ಲದ ಕಾಯಿ ಕಂಡ್ರ ಅದು ತನ್ನಷ್ಟಕ್ಕ ತಾನ ಕಚ್ಚಿದ್ದು, 'ಸೆಲ್ಫ್' ಕಾಯಿ. ಅದರ ಬೀಜಾ ಬೆರತ್ರ ಮಾಲು ಕೆಟ್ಟಂಗ, ಕಂಡ ಕೂಡ್ಲೆ ಹರದು ಒಗೀಬೇಕು. ಅಕ್ಕ ಮೂವತ್ತು ವರ್ಷ ಇದನ್ನ ಮಾಡಿದಾಕಿ. ಸೆಲ್ಫ್ ಅನ್ನೋ ಶಬ್ದ ಆಕಿ ಬಾಯಾಗ ಬೈಗಳ ಆಗಿತ್ತು. ಹೇಳಿದ್ದು ಕೇಳದ ಮೊಮ್ಮಗಗೂ "ಸೆಲ್ಫ್ ಸೂಳೇಮಗನ" ಅಂತಿದ್ಲು.

ಹೋದ ಹಂಗಾಮಿನ್ಯಾಗ ಆಕಿ ಸಾಲಿನ್ಯಾಗ ಮೂರು ಸೆಲ್ಫ್ ಕಾಯಿ ಸಿಕ್ಕವು. ಕಂಪನಿಯಿಂದ ಬಂದ ಹುಡುಗ ಅವನ್ನ ಅಂಗೈಯಾಗ ಇಟ್ಕೊಂಡು ಎಲ್ಲಾರಿಗೂ ತೋರಿಸಿದ್ನಂತ. ಗುಂಪಿನ ಮುಂದಾಳು ರತ್ನವ್ವ, ಅಕ್ಕನ ಕೈಯಾಗ ಕೆಲಸ ಕಲತಾಕಿ, "ದೊಡ್ಡವ್ವಾ, ನಿಮ್ಮ ಕಣ್ಣು ಮಂಜಾಗ್ಯಾವು. ಇನ್ನ ಮನ್ಯಾಗ ಕುಂತು ಮೊಮ್ಮಕ್ಕಳನ್ನ ಆಡಸ್ರಿ" ಅಂದ್ಲಂತ. ಆಕಿ ಒಳ್ಳೇ ಮಾತಿನ್ಯಾಗ ಹೇಳಿದ್ದು. ಆದ್ರ ಅಕ್ಕಗ ಆ ಒಳ್ಳೇ ಮಾತು ನುಂಗಾಕ ಆಗಲಿಲ್ಲ. ನಮ್ಮನಿ ಮೆಟ್ಟಲಾ ಹತ್ತಿ ಬಂದು ಚೀಲಾ ಇಳಿಸೋದರೊಳಗನ, "ತಮ್ಮಾ, ಕಣ್ಣು ತಗಿಸಿದ್ರ ಪ್ಲಾಟಿಗೆ ಹೋಗಾಕ ಬರ್ತೈತಿಲ್ಲೋ? ಅಷ್ಟು ಹೇಳು" ಅಂತ ಕೇಳಿದ್ಲು.

ಆಪರೇಶನ್ ಆತು. ಡಾಕ್ಟರು ಗ್ವಾಡಿಗೆ ಹಾಕಿದ ಹಲಗಿ ತೋರಿಸಿ, ಈ ಅಕ್ಷರದ ಬಾಯಿ ಯಾವ ಕಡೆ ಐತಿ ಹೇಳಮ್ಮಾ ಅಂದ್ರು. ಅಕ್ಕ, "ಅದರ ಬಾಯಿ ಕಟಗೊಂಡು ನನಗೇನ್ರೀ ಆಗಬೇಕಾಗೈತಿ? ಮೊಗ್ಗಿನ ಬಾಯಿ ಕಾಣತೈತೋ ಇಲ್ಲೋ, ಅದನ್ನ ಹೇಳ್ರಿ" ಅಂದ್ಲು. ಡಾಕ್ಟರು ನನ್ನ ಮಾರಿ ನೋಡಿದ್ರು. ನಾ ಹಲಗಿ ನೋಡಿದೆ.

ಒಲಿ ಮುಂದ ಕುಂಡ್ರಬಾರದು, ಬಗ್ಗಬಾರದು, ಧೂಳಾಗ ಹೋಗಬಾರದು, ಕರೇ ಚಶ್ಮಾ ತಗೀಬಾರದು ಅಂತ ಕಟ್ಟುಪಾಡು. ಹಿಂಗಾಗಿ ಆಕಿ ಕರೇ ಚಶ್ಮಾ ಹಾಕ್ಕೊಂಡು, ಕಾಸಿ ಕಟ್ಟಿದ ಇಳಕಲ್ ಸೀರ್ಯಾಗ, ಮದವಿ ಲೈಟಿನ ನಡುವ ಕುರ್ಚಿ ಹಾಕ್ಕೊಂಡು ಕುಂಡ್ರತಿದ್ಲು. ನೋಡಾಕ ಸಿನಿಮಾದಾಗಿನ ಹೀರೋ ಆಗಿದ್ಲು. ಮೌಲಾಲಿ ಬಂದು ಒಂದು ಫೋಟೊನೂ ಹೊಡಕೊಂಡು ಹ್ವಾದ. ನಾ ಹೂವಿಗೆ ಫೋನ್ ಹಿಡಿಯೋದು ನೋಡಿ ಮೊದಲನೇ ದಿನ ಆಕಿ ಗಾಬರಿ ಆಗಿ ಸುವರ್ಣಾನ ಕರದು, "ಇಂವಗ ರಿಟೈರ್ ಆದಾಗಿಂದ ಹಿಂಗನ?" ಅಂತ ಕೇಳಿದ್ಲಂತ. ಸುವರ್ಣಾ, "ಇಲ್ರೀ ಅಕ್ಕಾರ, ಮೊದಲಿಂದನೂ ಹಿಂಗನ, ಆಗ ಕಚೇರ್ಯಾಗ ಇರ್ತಿದ್ರು" ಅಂದ್ಲಂತ.

ಪಂಚಮಿಗೆ ಹನ್ನೆರಡು ದಿನ ಇದ್ದಾಗ ಡಾಕ್ಟರು ಚಶ್ಮಾ ತಗಿಸಿದ್ರು. ಮರುದಿನ ನಾನು ಸವಣೂರಿಗೆ ಹಳೇ ಸಂಗಾತಿ ಒಬ್ಬನ ಹೊಸಾ ಮನಿ ಪೂಜಾಕ್ಕ ಹ್ವಾದೆ. ಸುವರ್ಣಾ ಸಂಘದ ಮೀಟಿಂಗಿಗೆ ಹೋಗಿದ್ಲು. ಸವಣೂರಿನ ಹೆಸರಾದ ತಿಂಡಿ ಖಾರಾ ಕಟ್ಟಿಸ್ಕೊಂಡು, ಹಾಡ ಗುನುಗಿಕೋತ ಮಧ್ಯಾಹ್ನ ಮನಿಗೆ ಬಂದೆ. ಬಾಗಲಾ ತಗದ್ರ ಅಕ್ಕ ನಗನಗತಾ ನಿಂತಾಳ, ಕೈಯಾಗ ತಾಟು. ತಾಟಿನ ತುಂಬ ಹಸರು ಕಾಯಿ. ದೊಡ್ಡವು ಒಂದು ಕಡಿ, ಸಣ್ಣವು ಒಂದು ಕಡಿ.

"ಒಂದೂ ಬಿಟ್ಟಿಲ್ಲ ನೋಡು, ತಮ್ಮಾ! ಎಲ್ಲಾ ಸೆಲ್ಫ್ ಇದ್ದವು. ಒಂದಕ್ಕೂ ಗುರ್ತಿಲ್ಲ. ಏನು ಮನಷ್ಯಾನೋ ನೀ, ಹಿಂಗ ಬಿಡ್ತಾರೇನೋ ಪ್ಲಾಟನ್ನ?" ಅಂದ್ಲು.

ನನ್ನ ಕೈಯಾಗಿನ ಖಾರಾದ ಪುಡಿಕಿ ಕೆಳಗ ಬಿತ್ತು. ಹದಿನಾಲ್ಕೂ ಗಿಡ ನೋಡಿದೆ. ಬೋಳು. ಸಿಟ್ಟು ನೆತ್ತಿಗೇರಿತು. ಎಷ್ಟು ಫೋನು, ಎಷ್ಟು ನಡುಕಾ, ಎಷ್ಟು ಆಶಾ! "ಯಾರ ಕೇಳಿದ್ರು ನಿನ್ನ? ಇದು ಪ್ಲಾಟೇನು? ತಿನ್ನಾಕ ಬೆಳದದ್ದು ಇದು! ತಿನ್ನೋ ಟೊಮ್ಯಾಟೊಕ್ಕ ಗುರ್ತು ಯಾರು ಮಾಡ್ತಾರ? ಕಣ್ಣು ಬಂದ್ರೂ ಬುದ್ಧಿ ಬರಲಿಲ್ಲ ನಿನಗ!" ಅಂತ ಒದರಿದೆ.

ಅಕ್ಕನ ನಗಿ ಹೋತು. ತಾಟನ್ನ ಮೆಲ್ಲಕ ಟೀಪಾಯಿ ಮ್ಯಾಲ ಇಟ್ಲು. "ಮೂವತ್ತು ವರ್ಷ ಆತಪಾ, ಗುರ್ತಿಲ್ಲದ ಕಾಯಿ ಕಂಡ್ರ ಕೈ ತಾನ ಹೋಗತೈತಿ. ತಿನ್ನಾಕ ಅಂತ ತಲ್ಯಾಗ ಬರಲೇ ಇಲ್ಲ" ಅಂದು ಮೂಲ್ಯಾಗ ಹೋಗಿ ಕುಂತ್ಲು. ಇಷ್ಟು ದೊಡ್ಡ ಹೆಂಗಸು ಸಾಲಿ ಹುಡುಗಿಯಂಗ ಕುಂತದ್ದು ನೋಡಿ ನನಗ ನಾಚಿಕಿ ಆತು. ಸಿಟ್ಟೂ ಇತ್ತು, ನಾಚಿಕೀನೂ ಇತ್ತು. ಎರಡೂ ಕೂಡಿದ್ರ ಗಂಡಸರು ಮಾಡೋದು ಒಂದ, ಫ್ಯಾನಿನ ಕೆಳಗ ನಿಂತು ಬೆವರು ಒರಸಿಕೊಳ್ಳೋದು. ನಾನೂ ಅದನ್ನ ಮಾಡಿದೆ.

ಅಷ್ಟರಾಗ ಸುವರ್ಣಾ ಬಂದ್ಲು. ಸುದ್ದಿ ಕೇಳಿ ಗ್ವಾಡಿ ಹಿಡಕೊಂಡು ನಕ್ಕಳು, ನಕ್ಕು ನಕ್ಕು ಕುಂತ್ಲು. ಪಡಸಾಲಿ ಮರಳಿ ಸಿಕ್ಕಿತು ಅನ್ನೋ ಆನಂದ ಆಕಿಗೆ. ನಗತನ ತಾಟು ಮುಂದ ಎಳಕೊಂಡು ಸಣ್ಣ ಕಾಯಿ ಕೆದಕಿದ್ಲು. ಕೆದಕೂದು ನಿಲ್ಲಿಸಿದ್ಲು. ಎದ್ದು ಚಶ್ಮಾ ಹಾಕ್ಕೊಂಡು ಬಂದು, ಒಂದನ್ನ ಬೆರಳ ತುದಿ ಮ್ಯಾಲ ಇಟ್ಟು ಲೈಟಿಗೆ ಹಿಡದ್ಲು.

"ಏನ್ರೀ, ನಿಮ್ಮ ಕಾಯಿ ಎಷ್ಟಿದ್ದವು?"

"ನಲವತ್ತೊಂದು" ಅಂದೆ, ಸತ್ತಾವ್ರ ಸುದ್ದಿ ಹೇಳೋ ದನ್ಯಾಗ.

"ಇಲ್ಲಿ ಅರವತ್ತರ ಮ್ಯಾಲ ಅದಾವು. ಇವು ನೋಡ್ರಿ, ಜ್ವಾಳದ ಕಾಳಿಗಿಂತ ಸಣ್ಣವು. ಹೂವಿನ ಒಣ ಪಕಳಿ ಇನ್ನೂ ಹತ್ತೈತಿ ಇದಕ್ಕ. ದಿನಾ ಮೂರು ಸಲ ಎಣಸ್ತಿದ್ರಿ, ನಿಮಗ ಇವು ಕಂಡಿದ್ದವೇನು?"

ನನಗ ಕಂಡಿದ್ದಿಲ್ಲ. ಅಕ್ಕ ಮೂಲ್ಯಾಗಿಂದ ಎದ್ದು ಬಂದ್ಲು. ಆ ಕಾಯಿನ್ನ ಸುವರ್ಣಾನ ಬೆರಳಿಂದ ತನ್ನ ಅಂಗೈಗೆ ತಗೊಂಡು ನೋಡಿದ್ಲು. ಬಲಗಣ್ಣು ಮುಚ್ಚಿ ನೋಡಿದ್ಲು, ಎಡಗಣ್ಣು ಮುಚ್ಚಿ ನೋಡಿದ್ಲು. "ನಂಗ ಕಾಣತೈತಿ" ಅಂದ್ಲು. ಮತ್ತ ಅಂದ್ಲು, "ತಮ್ಮಾ, ನಂಗ ಕಾಣಾಕತ್ತೈತೋ." ಆಮ್ಯಾಲ ಅತ್ಲು. ಸುವರ್ಣಾ, "ಅಳಬ್ಯಾಡ್ರೀ ಅಕ್ಕಾರ, ಹೊಸಾ ಕಣ್ಣು" ಅಂತ ಸೆರಗಿನಿಂದ ಒರಸಿದ್ಲು. ನಾ ನೆಲದ ಮ್ಯಾಲಿನ ಖಾರಾ ಆರಿಸಿಕೋತ ಕುಂತೆ, ಮಾರಿ ತೋರಿಸೋ ಧೈರ್ಯ ಇದ್ದಿಲ್ಲ.

ದೊಡ್ಡ ಕಾಯಿ ಅಷ್ಟೂ ಚಟ್ನಿ ಆದವು. ಶೇಂಗಾ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹಾಕಿ ಕುಟ್ಟಿದ್ದಕ್ಕ ರೊಟ್ಟಿ ಕೂಡ ಭೇಷ್ ಹತ್ತಿತು. ನಾ ಸಂದಿ ನೋಡಿ, "ಹಂಗಾರ ಪಡಸಾಲಿ...?" ಅಂದೆ. "ಸಾರು ಅಂದಿದ್ದೆ. ಚಟ್ನಿ ಅಂದಿದ್ದಿಲ್ಲ" ಅಂದ್ಲು ಸುವರ್ಣಾ. ಕಪಾಟು ಹೊರಗ ಮೆಟ್ಟಲದ ಕಟ್ಟಿಗೆ ಹೋತು. ಅಲ್ಲಿ ಜಾಲಂದರದಿಂದ ಗಾಳಿ ಬರ್ತೈತಿ, ಫೋನ್ ಬೇಕಾಗವಲ್ದು. ಮೆಟ್ಟಲಾ ಹತ್ತಿಳಿಯೋ ಮಂದಿ ನಾ ಅದರಾಗ ಹೊಸದಾಗಿ ಹಚ್ಚಿದ ಪುದೀನಾ ಕಿತ್ತಕೊಂಡು ಹೋಗ್ತಾರ. ಕಪಾಟು ದಾರಿಗೆ ಅಡ್ಡಾ ಅಂತ ಬಯ್ಕೋತಾರ, ಆದ್ರ ಕೀಳೂದು ಬಿಟ್ಟಿಲ್ಲ. ಮೌಲಾಲಿ ತನ್ನ ಸ್ಟುಡಿಯೊದ ಮೂಲ್ಯಾಗ ಕೊತ್ತಂಬರಿ ಹಾಕ್ಯಾನ. ಈಗ ಪಾಸ್‌ಪೋರ್ಟ್ ಫೋಟೊದ ಕೂಡ ಒಂದು ಕಡ್ಡಿ ಫುಕ್ಕಟ್.

ಪಂಚಮಿಗೆ ಅಕ್ಕ ರತ್ನವ್ವನ್ನ ಉಂಡಿ ತಿನ್ನಾಕ ಅಂತ ಕರಸಿದ್ಲು. ಉಂಡಿ ಬರೇ ನೆವ. ಅಲ್ಲೀತನಕಾ ಹೊಸಾ ಕಾಯಿ ಕಚ್ಚಿದಂಗ ಅಕ್ಕ ದಿನಾ ಹರದು ಒಗದಿದ್ಲು. ರತ್ನವ್ವನ್ನ ಮೆಟ್ಟಲದ ಕಟ್ಟಿ ಮ್ಯಾಲಿನ ಗಿಡದ ಮುಂದ ನಿಲ್ಲಿಸಿ, "ಹುಡುಕು. ಒಂದು ಕಾಯಿ ಸಿಕ್ರ ನಾ ಇನ್ನ ಪ್ಲಾಟಿನ ಹೆಸರು ಎತ್ತಂಗಿಲ್ಲ" ಅಂದ್ಲು. ರತ್ನವ್ವ ಎಲಿ ಎತ್ತಿ ಎತ್ತಿ ಹುಡುಕಿದ್ಲು. ನಾ ಜೋಕಾಲಿ ಹಗ್ಗಾ ಹಿಡಕೊಂಡು ಬಾಗಲದಾಗ ನಿಂತಿದ್ದೆ. ಜೀವನದಾಗ ಮೊದಲನೇ ಸಲ ನನ್ನ ಗಿಡದಾಗ ಒಂದೂ ಕಾಯಿ ಇರಬಾರದಪ್ಪಾ ದೇವರ ಅಂತ ಬೇಡ್ಕೊಂಡೆ. ಇದ್ದಿಲ್ಲ. ರತ್ನವ್ವ ಸೊಂಟಾ ಹಿಡಕೊಂಡು ಎದ್ದು, "ಖರೆ ದೊಡ್ಡವ್ವಾ. ಆದ್ರ ಇದು ನೆರಳಾಗಿನ ಹದಿನಾಲ್ಕು ಗಿಡ. ಪ್ಲಾಟಿನ ಬಿಸಲು, ಸಾಲು ನಿಮಗ ಗೊತ್ತೈತಿ. ದೀಪಾವಳಿ ಆದಮ್ಯಾಲ ಬರ್ರಿ, ಹದಿನೈದು ದಿನ ನೋಡ್ತೇನಿ. ಒಂದ ಒಂದು ಸೆಲ್ಫ್ ಸಿಕ್ರೂ ನನಗ ಇಟ್ಕೊಳ್ಳಾಕ ಆಗಂಗಿಲ್ಲ, ಆಮ್ಯಾಲ ಸಿಟ್ಟಾಗಬಾರದು" ಅಂದ್ಲು.

ಆ ಹದಿನೈದು ದಿನ ನಿನ್ನೆಗೆ ಮುಗದವು. ಫೋನ್ ಇಲ್ಲ. ಆಕಿ ಮಗಗ ಮಾಡಿದ್ರ, "ಅವ್ವ ಬೆಳಕು ಹರಿಯೋಕಿಂತ ಮೊದಲ ಹೋಗತಾಳ ಮಾಮಾ, ಬಂದು ಉಂಡು ಮಲಗತಾಳ, ಮಾತಿಲ್ಲ" ಅಂದ. ಮಾತಿಲ್ಲ ಅಂದ್ರ ಏನು ತಿಳಕೋಬೇಕು? ಸುವರ್ಣಾ ಇವತ್ತ ನಸುಕಿನ್ಯಾಗ ಎದ್ದು ರೊಟ್ಟಿ ಬಡದು ಬುತ್ತಿ ಕಟ್ಟಿದ್ಲು. "ಇಟ್ಕೊಂಡಿದ್ರ ಕೊಟ್ಟು ಬರ್ರಿ. ಬಿಟ್ಟಿದ್ರ ಕರಕೊಂಡು ಬರ್ರಿ, ಬಯ್ಯಬ್ಯಾಡ್ರಿ" ಅಂದ್ಲು. ಗಡಿಬಿಡಿಯಾಗ ಅಂಗಿ ಸಿಗಿಸ್ಕೊಂಡು ಓಡಿದೆ.

ಹಂಸಭಾವಿ ಬಂತು. ಟಾವೆಲ್ಲು ಝಾಡಿಸಿ ಇಳದು, ಒಂದು ಟಂಟಂ ಹಿಡದು ಪ್ಲಾಟಿಗೆ ಹ್ವಾದೆ. ರತ್ನವ್ವ ಪರದೆಯ ಬಾಗಲದಾಗನ ನಿಂತಿದ್ಲು. "ಒಳಗ ಬರಬ್ಯಾಡ್ರಿ, ನಿಮ್ಮ ಮನಿ ಟೊಮ್ಯಾಟೊ ಪುಡಿ ಅಂಗಿಗೆ ಹತ್ತಿರತೈತಿ" ಅಂತ ಕೈ ಅಡ್ಡಾ ಇಟ್ಲು. ಮಾರಿ ಗಂಟು ಹಾಕ್ಕೊಂಡಿದ್ಲು.

"ಅಕ್ಕ?" ಅಂದೆ.

"ಆಕಿ ಸುದ್ದಿ ತಗೀಬ್ಯಾಡ್ರೀ ನೀವು. ಜೀವಾ ತಿಂದಾಳ ನಮ್ಮದು. ತನ್ನ ಸಾಲಿನ್ಯಾಗ ಒಂದೂ ಸೆಲ್ಫ್ ಬಿಡಂಗಿಲ್ಲ, ಅದು ಮುಗಿಸಿ ನಮ್ಮ ಸಾಲಿಗೆ ಬರ್ತಾಳ. ಮೊನ್ನಿ ನನ್ನ ಸಾಲಿನ್ಯಾಗ ನಾಕು ಸೆಲ್ಫ್ ಹಿಡದ್ಲು. ಕಂಪನ್ಯಾವ್ರು ಬರೋಕಿಂತ ಮೊದಲ ಹಿಡದ್ಲು ಅನ್ರಿ, ಬಚಾವಾದೆ. ಆದ್ರೂ ಇಪ್ಪತ್ತು ಮಂದಿ ಮುಂದ ಬಯ್ದ್ಲಲ್ರೀ!" ಅಂದು ಗಂಟು ಬಿಚ್ಚಿ ಕಿಸಕ್ಕನ ನಕ್ಕಳು.

ಪರದೆಯೊಳಗ ನೋಡಿದೆ. ದೂರದ ಸಾಲಿನ್ಯಾಗ ಬಗ್ಗಿದ ಹೆಂಗಸರು, ಎಲ್ಲಾರ ತಲಿ ಮ್ಯಾಲೂ ಟಾವೆಲ್ಲು. ಯಾರು ಯಾರು ಅಂತ ನನಗ ಗುರ್ತು ಹತ್ತಲಿಲ್ಲ. ಅದರಾಗ ಒಬ್ಬಾಕಿ ಸೆಟದು ನಿಂತ್ಲು, ನನ್ನ ಕಡೆ ತಿರುಗಿದ್ಲು, ಅಷ್ಟ. ದನಿ ಬಂತು, "ತಮ್ಮಾ! ಹಾನಗಲ್ಲಿಂದ ಇಲ್ಲೀತನಕಾ ಹಂಗ ಬಂದೆಲ್ಲೋ! ಅಂಗಿ ಗುಂಡಿ ಒಂದು ತಪ್ಪಿಸಿ ಹಾಕ್ಕೊಂಡಿ!"

ತಲಿ ಬಗ್ಗಿಸಿ ನೋಡಿದೆ. ಖರೇನ. ರತ್ನವ್ವ ಬಾಯಿಗೆ ಸೆರಗು ಹಚ್ಚಿದ್ಲು. ಬುತ್ತಿ ಕೆಳಗಿಟ್ಟು, ಬಿಚ್ಚಿ ಮತ್ತ ಹಾಕ್ಕೊಳ್ಳಾಕ ನಿಂತೆ. ಕಣ್ಣು ತುಂಬಿ ಬಂದಿದ್ದವು, ಎಷ್ಟು ತಡಕಾಡಿದ್ರೂ ನನಗ ಗುಂಡಿ ಕಾಣವಲ್ದು.